ನಾಲುಮಣಿಯ ಮೂವರು

ತ್ರಿಶೂರಿನ ಕಛೇರಿಯಲ್ಲಿ ಬೀರಾನಿಕ್ಕ ಒಂದೇ ಸಾಲನ್ನು ಮೂರನೇ ಸಲ ನುಡಿಸಿದಾಗ ಪ್ರಸೀನ ತಲೆಯೆತ್ತಿ ಅವರತ್ತ ನೋಡಿದಳು. ಆ ಸಾಲು ಎರಡು ಸಲ ಬಂದು ಕೆಳಗಿಳಿಯಬೇಕು. ಹದಿನೆಂಟು ವರ್ಷದಿಂದ ಹಾಗೇ ಇದ್ದದ್ದು. ಅವಳ ಪಿಟೀಲಿನ ಕಮಾನು ಆಗಲೇ ಇಳಿಯುವ ಸ್ವರದ ಮೇಲೆ ಕೂತುಬಿಟ್ಟಿತ್ತು, ತಟ್ಟನೆ ಎತ್ತಿಕೊಂಡಳು. ಮುದುಕ ಮೂರನೆಯದನ್ನು ಮುಗಿಸಿ ನಾಲ್ಕನೆಯದಕ್ಕೆ ಹೊರಟಿದ್ದರು. ಕಣ್ಣು ಮುಚ್ಚಿತ್ತು, ತುಟಿಯಲ್ಲಿ ಸಣ್ಣ ನಗು. ಸಭೆಯಲ್ಲಿ ಯಾರೋ "ವಾಹ್!" ಅಂದರು. ಮುಂದಿನ ವಾರ ಒಂದು ಪತ್ರಿಕೆ, ಮುಗಿಯಲೊಲ್ಲದ ಆ ಸಾಲು ಈ ತಂಡದ ಎದೆಗಾರಿಕೆಗೆ ಸಾಕ್ಷಿ ಎಂದು ಬರೆಯಿತು.

ಪ್ರಸೀನ ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಓದಿ, ಮಡಿಸಿ, ಚೀಲದ ತಳಕ್ಕೆ ತುರುಕಿದಳು. ಜೊತೆಯ ಮೇಷ್ಟರುಗಳು ಅಭಿನಂದನೆ ಹೇಳಿದರು. ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ತಂಡದ ಹೆಸರು ನಾಲುಮಣಿ. ಕೋಝಿಕ್ಕೋಡಿನ ವಲಿಯಂಗಾಡಿಯಲ್ಲಿ ಕೊಬ್ಬರಿ ಗೋದಾಮೊಂದರ ಅಟ್ಟದ ಮೇಲೆ ಸಂಜೆ ನಾಲ್ಕು ಗಂಟೆಗೆ ಚಹಾಕ್ಕೆ ಸೇರುತ್ತಿದ್ದರು, ಅದೇ ಹೆಸರಾಯಿತು. ಬೀರಾನ್‌ಕೋಯ ಎಲ್ಲರಿಗೂ ಬೀರಾನಿಕ್ಕ, ಅಂದರೆ ಬೀರಾನಣ್ಣ; ಶಾರ್ಜಾದಲ್ಲಿ ಹದಿನಾರು ವರ್ಷ ದರ್ಜಿ ಕೆಲಸ ಮಾಡಿದವರು. ಪಕ್ಕದ ಕೋಣೆಯ ಇರಾಕಿಯೊಬ್ಬನಿಂದ ಊದ್ ಕಲಿತು, ಸೀಳಿದ ಸೋರೆಬುರುಡೆಯಂಥ ಆ ತಂತಿವಾದ್ಯವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ವಿಮಾನದಲ್ಲಿ ಊರಿಗೆ ಬಂದಿದ್ದರು. ಉಣ್ಣಿ ಮಾರಾರ್ ದೇವಸ್ಥಾನದಲ್ಲಿ ಇಡಕ್ಕ ನುಡಿಸುವ ಮನೆತನದವರು. ಹೆಗಲಿಗೆ ತೂಗುಹಾಕಿದ ಆ ಪುಟ್ಟ ಚರ್ಮವಾದ್ಯದ ಹಗ್ಗ ಹಿಂಡಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಪ್ರಸೀನಳ ಪಿಟೀಲು ಕರ್ನಾಟಕ ಸಂಗೀತದ ಪಾಠದಲ್ಲಿ ಬೆಳೆದದ್ದು. ಮೂವರೂ ಸೇರಿ ಬಸ್ರಾದ ಧಾಟಿಗೆ ಗರ್ಭಗುಡಿಯ ಮುಂದಿನ ತಾಳ ಕಟ್ಟಿ, ನಡುವೆ ಕೇರಳದ ಮುಸಲ್ಮಾನರ ಮಾಪ್ಪಿಳ ಮದುವೆಯ ಕೈಚಪ್ಪಾಳೆಯನ್ನೂ ತುರುಕಿದರು.

ಮೊದಲ ಕಛೇರಿಯಲ್ಲಿ ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದ್ದ: "ಶ್ರುತಿ ಕೂಡಿಸಿದ್ದು ಸಾಕು ಮಾರಾಯ್ರೇ, ಇನ್ನು ಶುರು ಮಾಡಿ!"

ಒಂದು ಸಭೆಯ ಕಾರ್ಯದರ್ಶಿ ಇದು ಯಾವ ರಾಗ ಎಂದು ಮುಖ ಗಂಟಿಕ್ಕಿಕೊಂಡು ಕೇಳಿದಾಗ ಬೀರಾನಿಕ್ಕ ಕೈಮುಗಿದಿದ್ದರು. "ಇದು ಬಿರಿಯಾನಿ ಸಾರ್. ಒಂದೊಂದೇ ಅಗುಳು ಎತ್ತಿ ಕುಲ ಕೇಳಬೇಡಿ, ತಿನ್ನಿ."

ಹೆಸರಲ್ಲಿ ನಾಲ್ಕಿದೆ, ವೇದಿಕೆ ಮೇಲೆ ಮೂವರೇ ಇದ್ದೀರಿ ಎಂದರೆ, "ನಾಲ್ಕನೆಯವನು ಚಹಾ ತರೋಕೆ ಹೋಗಿದಾನೆ" ಅನ್ನುತ್ತಿದ್ದರು.

ಹಾಗೇ ನಿಧಾನಕ್ಕೆ ಜನ ಬಂದರು. ಕೊಚ್ಚಿ, ಪುಣೆ, ಒಮ್ಮೆ ಜರ್ಮನಿ. ತಂಡಕ್ಕೆ ಎರಡೇ ಕಟ್ಟಳೆ. ಮೈಕು ಕೂಡದು. ಬರೆದಿಡುವುದು ಕೂಡದು. "ಬರೆದಿಟ್ಟರೆ ಕಾಗದ ನೋಡ್ತೀವಿ, ಒಬ್ಬರ ಮುಖ ಇನ್ನೊಬ್ಬರು ನೋಡೋದಿಲ್ಲ," ಅನ್ನುವುದು ಬೀರಾನಿಕ್ಕನ ವಾದ. ಎಲ್ಲ ರಚನೆಗಳೂ ಅವರ ತಲೆಯಲ್ಲಿ ಹುಟ್ಟಿ, ಪ್ರಸೀನಳ ಎದುರು ಕೂತು ರೂಪ ಪಡೆದವು. ಕೇಳುವವರಿಗೆ ಅದು ಆ ಕ್ಷಣದಲ್ಲೇ ಹುಟ್ಟಿದ್ದು ಅನ್ನಿಸುತ್ತಿತ್ತು. ನಿಜಕ್ಕೂ ಒಂದೊಂದು ಸ್ವರವೂ ಮೊದಲೇ ಗೊತ್ತುಮಾಡಿದ್ದು.

ಈಗ ಅವಳನ್ನು ಹೆದರಿಸಿದ್ದೂ ಅದೇ. ಮುಂದೇನು ಬರುತ್ತದೋ ಯಾರಿಗೂ ಗೊತ್ತಿಲ್ಲ ಎಂಬುದಕ್ಕೇ ಹೆಸರಾದ ತಂಡದಲ್ಲಿ ತಪ್ಪನ್ನು ಕಂಡುಹಿಡಿಯುವವರು ಯಾರು? ಅವಳೊಬ್ಬಳೇ.

ತ್ರಿಶೂರಿನ ನಂತರ ಅವಳ ಕಿವಿ ನಿಮಿರಿತು. ಇಕ್ಕ ಕೂಡಿಸಿದ ತಂತಿಯನ್ನೇ ಮತ್ತೆ ಕೂಡಿಸುತ್ತಿದ್ದರು. ಸುಲೈಮಾನಿ ಚಹಾ ಕುಡಿದು ಲೋಟ ಕೆಳಗಿಟ್ಟು, "ಇವತ್ತು ಚಹಾ ಇಲ್ವಾ?" ಎಂದು ಕೇಳಿದರು. ಒಂದು ದಿನ ಗೋದಾಮಿನ ಮೆಟ್ಟಿಲಿಳಿದು ಎಡಕ್ಕೆ ತಿರುಗುವ ಬದಲು ಬಲಕ್ಕೆ ನಡೆದರು; ಬಲಕ್ಕೆ ಅವರ ಹಳೆಯ ಮನೆ ಇದ್ದದ್ದು, ಮಾರಿ ಒಂಬತ್ತು ವರ್ಷವಾಗಿತ್ತು. ಪ್ರಸೀನ ಓಡಿಹೋಗಿ, ಏನೋ ನೆಪ ಹೇಳಿ ತಿರುಗಿಸಿಕೊಂಡು ಬಂದಳು. ಅಭ್ಯಾಸದಲ್ಲಿ ಅವರ ಬೆರಳುಗಳ ಮೇಲೇ ಕಣ್ಣಿಟ್ಟಳು. ಒಂದು ಭಾಗ ಮುಗಿಯುತ್ತ ಬಂದರೆ ಸಾಕು, ಅವಳ ಅಂಗೈ ಬೆವರುತ್ತಿತ್ತು.

ಒಂದು ಭಾನುವಾರ ಅವರ ಮನೆಗೆ ಹೋದಳು. ಹೆಂಡತಿ ನಬೀಸಿತ್ತ ಕರಿದ ಬಾಳೆಹಣ್ಣಿನ ಉನ್ನಕ್ಕಾಯ ತಂದಿಟ್ಟು ಎದುರು ಕೂತರು.

"ಇಕ್ಕ ಹೇಗಿದಾರೆ ನಬೀಸಿತ್ತಾ?"

"ಅವರಿಗೇನು? ಚೆನ್ನಾಗೇ ಇದಾರೆ. ಸ್ವಲ್ಪ ಮರೆವು. ನನಗಿಲ್ವಾ? ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ." ನಬೀಸಿತ್ತ ನಕ್ಕರು. ಪ್ರಸೀನ ಕೈತೊಳೆಯಲು ಎದ್ದಾಗ ಬಾಗಿಲಿನ ಒಳಮೈ ಮೇಲೆ ಅಂಟಿಸಿದ್ದ ಚೀಟಿ ಕಂಡಿತು. ನಬೀಸಿತ್ತಳ ದುಂಡಗಿನ ಅಕ್ಷರ: ಲುಂಗಿ ಬೇಡ, ಪ್ಯಾಂಟು. ಬೀಗದ ಕೈ. ಫೋನು. ಮಸೀದಿ ಎಡಕ್ಕೆ.

ಪ್ರಸೀನ ಕೈತೊಳೆದು ಬಂದು ಉಪ್ಪಿನ ಸಾರಿನ ಮಾತನ್ನೇ ಮುಂದುವರಿಸಿದಳು.

ಡಿಸೆಂಬರಿಗೆ ತಂಡಕ್ಕೆ ಇಪ್ಪತ್ತು ತುಂಬುತ್ತಿತ್ತು. ಮುಂಬಯಿಯಿಂದ ಧ್ವನಿಮುದ್ರಣದವರು ಬಂದು ಜನರ ಎದುರೇ, ಒಂದೇ ಸಲಕ್ಕೆ, ಎಂಟು ರಚನೆ ಹಿಡಿದುಕೊಳ್ಳುವುದೆಂದು ನಿಶ್ಚಯವಾಗಿತ್ತು. ನುಡಿಸುವವರ ದನಿ ಏರಿಸುವುದಕ್ಕೆ ಮೈಕು ಬೇಡ, ಹಿಡಿಯುವುದಕ್ಕೆ ಮಾತ್ರ ಇರಲಿ ಎಂದು ಇಕ್ಕ ಒಪ್ಪಿದ್ದರು. ದಿನ ಹತ್ತಿರ ಬಂದಂತೆ ಪ್ರಸೀನ ಶಾಲೆಯ ಬಿಡುವಿನಲ್ಲಿ ಒಂದು ಪುಸ್ತಕ ತೆಗೆದು, ಇದ್ದ ಮೂವತ್ತೊಂದು ರಚನೆಗಳನ್ನೂ ಸ್ವರ ಹಾಕಿ ಬರೆಯತೊಡಗಿದಳು. ಹತ್ತೊಂಬತ್ತು ಮುಗಿದಿದ್ದವು. ಒಂದು ಸಂಜೆ ಅಟ್ಟದಲ್ಲಿ ಅವಳ ಚೀಲ ಮಗುಚಿಬಿತ್ತು. ಪುಸ್ತಕ ಇಕ್ಕನ ಕಾಲ ಬಳಿಗೇ ಜಾರಿತು.

ಅವರು ಪುಟ ಮಗುಚಿದರು. "ಇದೇನು ಮೋಳೇ?"

ಮಗಳೇ ಎಂದು ಕರೆದದ್ದರಲ್ಲಿ ಅಕ್ಕರೆ ಇರಲಿಲ್ಲ.

"ಅದು... ಶಾಲೆ ಮಕ್ಕಳಿಗೆ ಕಲಿಸೋಣ ಅಂತ ಇಕ್ಕಾ."

"ಸುಳ್ಳು ಹೇಳೋದನ್ನ ಇಪ್ಪತ್ತು ವರ್ಷ ಆದ್ರೂ ಕಲೀಲಿಲ್ಲ ನೀನು." ಅವರು ಪುಸ್ತಕ ಮುಚ್ಚಿ ನೆಲದ ಮೇಲಿಟ್ಟರು. "ನಾನು ದರ್ಜಿ. ಬದುಕಿರೋರ ಅಳತೆ ತಗೊಂಡು ಬಟ್ಟೆ ಹೊಲಿದವನು. ನೀನು ಉಸಿರಾಡೋನಿಗೆ ಹೆಣಕ್ಕೆ ಹೊದಿಸೋ ಕಫನ್ ಹೊಲೀತಿದೀಯಲ್ಲಾ!"

ಊದನ್ನು ಚೀಲಕ್ಕೂ ಹಾಕದೆ ಎತ್ತಿಕೊಂಡು ಇಳಿದುಹೋದರು. ಪ್ರಸೀನ ಕಿಟಕಿಗೆ ಓಡಿ, ಅವರು ಎಡಕ್ಕೆ ತಿರುಗುವವರೆಗೂ ಸರಳು ಹಿಡಿದು ನಿಂತಳು. ಆಮೇಲೆ ಬಂದು ಪುಸ್ತಕ ಎತ್ತಿಕೊಂಡಳು.

ಮಾರಾರ್ ಇಡಕ್ಕದ ಹಗ್ಗ ಸರಿಮಾಡುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: "ಅವರಿಗೆ ಗೊತ್ತು ಟೀಚರೇ."

"ಏನು ಗೊತ್ತು?"

"ಮರೀತಿದೆ ಅಂತ. ಒಂದು ವರ್ಷದ ಮೇಲಾಯ್ತು. ಅವರೇ ಬಂದು ಹೇಳಿದ್ರು. ಒಂದು ಭಾಗ ಮುಗಿಯೋ ಮುಂಚೆ, ಮುಂದಿನ ಭಾಗದ ಮೊದಲ ಮೂರು ಸ್ವರ ನಾನು ಇಡಕ್ಕದಲ್ಲಿ ಕೊಡ್ತೀನಿ. ಅದನ್ನ ಹಿಡ್ಕೊಂಡು ಅವರು ಹೋಗ್ತಾರೆ. ನೀನು ಕೇಳಿಸಿಕೊಂಡೇ ಇಲ್ಲ."

"ಮತ್ತೆ ತ್ರಿಶೂರಲ್ಲಿ?"

"ಹಗ್ಗ ಸಡಿಲ ಆಗಿತ್ತು. ಸ್ವರ ಕೂರಲಿಲ್ಲ. ತಪ್ಪು ನಂದು."

ಅವಳಿಗೆ ಸಿಟ್ಟು ಉಕ್ಕಿತು. "ನನಗೊಂದು ಮಾತು ಹೇಳ್ಬಾರದಿತ್ತಾ ಉಣ್ಣಿಯೇಟ್ಟಾ? ತ್ರಿಶೂರಾದಾಗಿಂದ ನಿದ್ದೆಗೆಟ್ಟು ಸಾಯ್ತಿದೀನಿ ನಾನು!"

"ಹೇಳಬೇಡ ಅಂದ್ರು." ಮಾರಾರ್ ಈಗ ಅವಳನ್ನು ನೋಡಿದರು. "ತಡವರಿಸಿದಾಗೆಲ್ಲ ಅವರು ಕಣ್ಣು ಬಿಟ್ಟು ನೋಡೋದು ನಿನ್ನ ಮುಖ. ‘ಅವಳ ಮುಖದಲ್ಲಿ ಹೆದರಿಕೆ ಬಂದ್ರೆ ನೆನಪಿರೋದೂ ಹೋಗುತ್ತೆ ಮಾರಾರೇ’ ಅಂದ್ರು. ಈ ನಾಲ್ಕು ತಿಂಗಳಿಂದ ನಿನ್ನ ಮುಖ ಹೇಗಿದೆ ಗೊತ್ತಾ? ಪರೀಕ್ಷೆಯಲ್ಲಿ ಕಾಪಿ ಹಿಡಿಯೋ ಟೀಚರ್ ಥರ ಇದೆ."

ಮರುದಿನ ಬೆಳಿಗ್ಗೆ ಇಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದಳು. ಅವರು, "ಯಾವುದಕ್ಕೆ?" ಎಂದರು. ನಿಜವಾಗಿ ಮರೆತರೋ, ಮರೆತಂತೆ ಮಾಡಿದರೋ ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ಕನ್ನಡಿಯ ಮುಂದೆ ಪಿಟೀಲು ಹಿಡಿದು ನಿಂತಳು. ಸ್ವರಕ್ಕಲ್ಲ, ಮುಖಕ್ಕೆ ಅಭ್ಯಾಸ. ಹುಬ್ಬು ಸಡಿಲ ಬಿಟ್ಟರೆ ದವಡೆ ಬಿಗಿಯುತ್ತಿತ್ತು. ದವಡೆ ಬಿಟ್ಟರೆ ಕಣ್ಣು ಹೇಳಿಬಿಡುತ್ತಿತ್ತು.

ಡಿಸೆಂಬರಿನ ಆ ಭಾನುವಾರ ಸಭಾಂಗಣ ತುಂಬಿತ್ತು. ಸಂಜೆ ನಾಲ್ಕಕ್ಕೆ ಶುರು. ಐದು ರಚನೆಗಳು ನೀರು ಹರಿದಂತೆ ಹೋದವು. ಮಾರಾರ್ ಕೊಡುವ ಮೂರು ಸ್ವರ ಈಗ ಅವಳಿಗೂ ಕೇಳುತ್ತಿತ್ತು. ಪ್ರತಿ ಸಲವೂ ಇಕ್ಕ ಅದನ್ನು ಎತ್ತಿಕೊಳ್ಳುವವರೆಗೆ ಅವಳು ಹುಬ್ಬು, ದವಡೆ ಸಡಿಲ ಬಿಟ್ಟು ಕಾಯುತ್ತಿದ್ದಳು.

ಆರನೆಯದರ ನಡುವೆ ಮಾರಾರ್ ಸ್ವರ ಕೊಟ್ಟರು. ಇಕ್ಕ ಎತ್ತಿಕೊಳ್ಳಲಿಲ್ಲ. ಮತ್ತೆ ಕೊಟ್ಟರು. ಇಕ್ಕನ ಕೈ ತಂತಿಯ ಮೇಲಿಂದ ಜಾರಿ ತೊಡೆಗೆ ಬಂತು. ಕಣ್ಣು ತೆರೆಯಿತು. ಸಂತೆಯಲ್ಲಿ ತಪ್ಪಿಸಿಕೊಂಡವರ ಕಣ್ಣು. ಅವು ನೇರ ಪ್ರಸೀನಳ ಮುಖಕ್ಕೆ ಬಂದು ನಿಂತವು.

ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಇದೂ ರಚನೆಯ ಭಾಗವೆಂದೇ ತಿಳಿದಿತ್ತು.

ಮುಂದಿನ ಭಾಗ ಅವಳಿಗೆ ಗೊತ್ತಿತ್ತು. ಪಿಟೀಲಿನಲ್ಲಿ ಎತ್ತಿಕೊಡಬಹುದಿತ್ತು. ಆದರೆ ಆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು, ಎತ್ತಿಕೊಟ್ಟರೂ ಅವರಿಗದು ಅಪರಿಚಿತವೇ. ಇನ್ನಷ್ಟು ಕಳೆದುಹೋಗುತ್ತಾರೆ. ಅವಳು ಕಮಾನು ಕೆಳಗಿಟ್ಟಳು. ಬೆರಳಿನಿಂದ ಒಂದು ತಂತಿ ಮೀಟಿದಳು. ಯಾವ ರಚನೆಯದೂ ಅಲ್ಲದ, ಸುಮ್ಮನೆ ಒಂದು ಸ್ವರ. ಮತ್ತೊಮ್ಮೆ ಮೀಟಿ ಹುಬ್ಬು ಹಾರಿಸಿದಳು, ಹೂಂ, ನೀವೇನಂತೀರಿ ಎನ್ನುವ ಹಾಗೆ.

ಇಕ್ಕ ಸ್ವಲ್ಪ ಹೊತ್ತು ನೋಡಿದರು. ಊದಿನಲ್ಲಿ ಅದೇ ಸ್ವರ ಮೀಟಿದರು. ಆಮೇಲೆ ಪಕ್ಕದ್ದು. ಅವಳು ಅದಕ್ಕೊಂದು ಉತ್ತರ ಕೊಟ್ಟಳು. ಮಾರಾರ್ ಕೋಲು ಬಿಟ್ಟು ಬೆರಳಲ್ಲೇ ಮೆಲ್ಲಗೆ ತಟ್ಟಿದರು. ನೆನಪಿಡಬೇಕಾದದ್ದು ಏನೂ ಇರಲಿಲ್ಲ, ಹಾಗಾಗಿ ಮರೆಯುವುದಕ್ಕೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮೂವರಿಗೂ ಮುಂದೇನೆಂದು ಗೊತ್ತಿಲ್ಲದೆ ಹನ್ನೊಂದು ನಿಮಿಷ ನುಡಿಸಿದರು. ನಡುವೆ ಇಕ್ಕ ಜೋರಾಗಿ ನಕ್ಕರು. ಆ ನಗು ಮುದ್ರಣದಲ್ಲಿ ಈಗಲೂ ಇದೆ.

ಕೊನೆಯ ಎರಡು ರಚನೆ ನುಡಿಸಲಿಲ್ಲ. ಇಕ್ಕ ದಣಿದಿದ್ದರು. ಆಮೇಲೆ ಪ್ರಸೀನ ಆ ಹನ್ನೊಂದು ನಿಮಿಷವನ್ನು ಒಬ್ಬಳೇ ಕೂತು ಕೇಳಿದಳು. ಅರ್ಧದಷ್ಟು ತೀರ ಸಾಧಾರಣ, ಕೆಲವು ಕಡೆ ತಡಕಾಟ. ಆದರೆ ನಡುವಿನ ಎರಡು ನಿಮಿಷ ಮಾತ್ರ, ತಾವು ಇಷ್ಟು ವರ್ಷ ಹುಡುಕಿದ್ದು ಇದನ್ನೇ ಇರಬೇಕು ಅನ್ನಿಸಿತು.

ಬುಧವಾರ ಇಕ್ಕನೇ ಫೋನು ಮಾಡಿದರು. "ಆಸ್ಪತ್ರೆಗೆ ಹೋಗ್ಬೇಕು. ನಬೀಸ ಒಬ್ಬಳೇ ಬಂದ್ರೆ ಡಾಕ್ಟರ ಮುಂದೆ ಅಳ್ತಾಳೆ. ನೀನೂ ಬಾ." ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮಾತ್ರೆ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ ಎಂದರು. ಹೊರಗೆ ಬಂದು ನಬೀಸಿತ್ತ ಅತ್ತರು. ಪ್ರಸೀನಳೂ ಅತ್ತಳು. ಇಕ್ಕ ಇಬ್ಬರ ನಡುವೆ ಬೆಂಚಿನ ಮೇಲೆ ಕೂತು, "ಹೆಸರು ಗೊತ್ತಾಯ್ತಲ್ಲ, ಬಿಡಿ. ಬೈಯೋಕೆ ಅನುಕೂಲ," ಅಂದರು.

ಆಮೇಲೆ ಇನ್ನೈದು ಸಣ್ಣ ಕಛೇರಿಗಳಾದವು. ಆರನೆಯದಕ್ಕೆ ಅಭ್ಯಾಸ ಮಾಡುತ್ತಿದ್ದಾಗ ಇಕ್ಕ ಊದನ್ನು ಚಾಪೆಯ ಮೇಲೆ ಮಲಗಿಸಿ, "ನೀವು ನುಡಿಸಿ, ನಾನು ಕೇಳ್ತೀನಿ," ಎಂದು ಗೋಡೆಗೊರಗಿದರು. ಮತ್ತೆ ಎತ್ತಲಿಲ್ಲ. ಇಬ್ಬರೇ ಉಳಿದರು. ಆದರೂ ನಬೀಸಿತ್ತ ದಿನಾ ಅವರನ್ನು ಅಟ್ಟಕ್ಕೆ ಕರೆತಂದು ಬಿಡುತ್ತಿದ್ದರು.

ಮಳೆಗಾಲದ ಒಂದು ಸಂಜೆ ಇಬ್ಬರೂ ಇಕ್ಕನದೇ ಒಂದು ದೊಡ್ಡ ರಚನೆ ನುಡಿಸಿ ನಿಲ್ಲಿಸಿದಾಗ ಅವರು ಕಣ್ಣು ಕಿರಿದು ಮಾಡಿ ಕೇಳಿದರು: "ಇದು ಯಾರು ಮಾಡಿದ್ದು?"

ಪ್ರಸೀನ ಮಾರಾರರತ್ತ ತಿರುಗಿದಳು. ಮಾರಾರ್ ಹೇಳಿದರು: "ನಮ್ಮವರೇ ಒಬ್ಬರು."

"ಚೆನ್ನಾಗಿದೆ. ಎರಡನೇ ಭಾಗ ಉದ್ದ ಆಯ್ತು. ಹೇಳಿದ್ದನ್ನೇ ಹೇಳ್ತಾನೆ. ಯಾರಾದ್ರೂ ಅವನಿಗೊಂದು ಮಾತು ಹೇಳ್ಬೇಕಿತ್ತು."

ಇಬ್ಬರೂ ಎರಡನೇ ಭಾಗದ ಅರ್ಧ ಕತ್ತರಿಸಿ ಮತ್ತೆ ನುಡಿಸಿದರು. ಇಕ್ಕ ಹೇಳಿದ್ದು ಸರಿಯಾಗಿತ್ತು. ಈಗ ಅದು ನೆಟ್ಟಗೆ ನಿಂತಿತು.

ಮುಂದಿನ ತಿಂಗಳು ಕಣ್ಣೂರಿನಲ್ಲಿ ಅದನ್ನು ಹೀಗೆ ಚಿಕ್ಕದಾಗಿಯೇ ನುಡಿಸುವುದಿತ್ತು. ಇಕ್ಕನಿಗೆ ಜ್ವರ, ಬಂದಿರಲಿಲ್ಲ. ವೇದಿಕೆ ಹತ್ತುವ ಮುಂಚೆ ಪ್ರಸೀನ ಮೂರು ಸಲ ಫೋನು ಮಾಡಿದಳು. ಮೂರನೇ ಸಲ ನಬೀಸಿತ್ತ ಎತ್ತಿದರು.

"ಮಲಗಿದಾರೆ ಮೋಳೇ. ಜ್ವರ ಹಾಗೇ ಇದೆ. ನೀನು ಹೋಗು."

ಅವಳು ಅಂಗೈ ಬೆವರನ್ನು ಸೀರೆಗೆ ಒರೆಸಿಕೊಂಡು, ಕಮಾನು ಎತ್ತಿಕೊಂಡು, ಮಾರಾರರ ಹಿಂದೆ ನಡೆದಳು.