ಎಳ್ಳುಕುಂಟೆ ಕೆರೆಯ ಬಿರಡೆ

ಎಳ್ಳುಕುಂಟೆ ಕೆರೆಗೆ ನೀರು ತರುತ್ತಿದ್ದ ಕರಡಿಹಳ್ಳಕ್ಕೆ ಅದಿರಿನ ಯಾರ್ಡಿನವರು ಎರಡಾಳೆತ್ತರ ಮಣ್ಣು ಸುರಿದರು. ಅದು ಎರಡು ಸಾವಿರದ ಐದರ ಬೇಸಿಗೆ. ಆ ವರ್ಷದ ಮಳೆ ಗುಡ್ಡದ ಮೇಲೆ ಬಿತ್ತು, ಕೆರೆಗೆ ಬರಲಿಲ್ಲ.

ಹಳ್ಳ ಎಲ್ಲಿ ತಿರುಗುತ್ತದೆ, ಯಾವ ಬಂಡೆಯ ಸಂದಿಯಲ್ಲಿ ನುಸುಳುತ್ತದೆ ಎಂದು ಯಾರ್ಡಿನ ಸೋಮಶೇಖರನಿಗೆ ನಡೆದು ತೋರಿಸಿದವನು ನೀರಗಂಟಿ ಓಬಳೇಶ. ಮರದ ಬಿರಡೆ ಕಿತ್ತು ತೂಬು ತೆಗೆಯುವುದು, ಬಿರಡೆ ಜಡಿದು ಮುಚ್ಚುವುದು ಅವನ ಮನೆತನದ ಕೆಲಸ. ಹೂಳೆತ್ತಿಸುತ್ತಾರೆಂದು ನಂಬಿ, ತನ್ನಷ್ಟು ಬಲ್ಲವರಿಲ್ಲವೆಂದು ಬೀಗಿ, ಒಂದು ಕವಲನ್ನೂ ಬಿಡದೆ ತೋರಿಸಿದ್ದ. ತೋರಿಸಿದಲ್ಲೆಲ್ಲ ಮಣ್ಣು ಬಿತ್ತು.

ಈಗ ಮಾಘ. ಕೆರೆಯಲ್ಲಿ ಉಳಿದದ್ದು ಹಳೆಯ ನೀರು. ಅದನ್ನೂ ಹರಿಯಬಿಟ್ಟರೆ ಅದಿರಿನ ಲಾರಿಗಳಿಗೆ ಕೆರೆಯಂಗಳದ ಮೇಲೆ ಹತ್ತಿರದ ದಾರಿ. ಏರಿಯ ಮೇಲೆ ಪಂಚಾಯ್ತಿ ಮೆಂಬರ್ ಜಂಬಣ್ಣ, ಸೋಮಶೇಖರ್, ಗುರುಗುಡುವ ಒಂದು ಜೆಸಿಬಿ, ಅದರ ಹಿಂದೆ ಅರ್ಧ ಊರು. ನೀರಿನ ನಡುವೆ ಬಾಗಿನಿಂತ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಮರಿಗಳಿಗಿನ್ನೂ ರೆಕ್ಕೆ ಬಲಿತಿಲ್ಲ. ಆಚೆ ದಡದಲ್ಲಿ ಯಾರ್ಡಿನ ಏಳು ನಾಯಿಗಳು ಆ ಮರಗಳನ್ನೇ ನೋಡುತ್ತ ಕುಳಿತಿದ್ದವು. ನೀರು ಮೊಳಕಾಲಿಗೆ ಇಳಿದರೆ ಸಾಕಿತ್ತು ಅವಕ್ಕೆ, ಬಾಗಿದ ಕಾಂಡ ಏರಿ ಗೂಡಿಗೆ ಬಾಯಿ ಹಾಕಲು.

"ಏನ್ಲೇ ಓಬಳೇಶ, ಮುಹೂರ್ತ ನೋಡಾಕತ್ತೀಯೇನು?" ಜಂಬಣ್ಣ ಕೇಳಿದ. "ಠರಾವು ಆಗೈತಿ. ಬಿರಡಿ ಕೀಳು."

"ಒಂದೂವರಿ ತಿಂಗ್ಳು ತಡೀರಿ. ಮರಿ ಹಾರ್ಲಿ."

"ಕೊಕ್ಕರಿ ಬಾಣಂತನ ನಿನಗ್ಯಾಕೋ?" ಸೋಮಶೇಖರ್ ನಕ್ಕ. "ಹಳ್ಳ ಸತ್ತೈತಿ. ಕೆರಿ ಹೆಂಗೂ ಸಾಯ್ತೈತಿ."

"ಕೊಂದೋರ ಬಾಯಾಗ ತಿಥಿ ಮಾತು ಕೇಳ್ರೆಪ್ಪಾ!" ಓಬಳೇಶನ ಹೆಂಡತಿ ಅಂಜಿನಕ್ಕ ಗುಂಪಿನೊಳಗಿಂದ ಅಂದಳು. ಯಾರೋ ಕಿಸಕ್ಕೆಂದರು, ಜಂಬಣ್ಣ ತಿರುಗಿದೊಡನೆ ಆ ನಗು ಗಂಟಲಲ್ಲೇ ಉಳಿಯಿತು.

"ನೀ ಕೀಳದಿದ್ರ ಜೆಸಿಬಿ ತೂಬನ್ನ ಕಿತ್ತು ಒಗೀತೈತಿ," ಎಂದ ಜಂಬಣ್ಣ. "ಆಮ್ಯಾಲೆ ಈ ಊರಾಗ ನೀರೂ ನಿಲ್ಲಲ್ಲ, ನೀರಗಂಟೀನೂ ಬೇಕಾಗಲ್ಲ. ಯಾವುದು ಬೇಕು ಹೇಳು."

ಓಬಳೇಶ ತೂಬಿನ ಕಡೆ ನೋಡಿದ. ಬಿರಡೆ ಕಿತ್ತರೆ ಮರಿಗಳು ಹೋಗುತ್ತವೆ, ತೂಬು ಉಳಿಯುತ್ತದೆ. ಕೀಳದಿದ್ದರೆ ಎರಡೂ ಹೋಗುತ್ತವೆ. ಅಂಗಿ ಬಿಚ್ಚಿ ಅಂಜಿನಕ್ಕನ ಕೈಗೆ ಕೊಟ್ಟ. ಅವಳು ಮುಖ ನೋಡಲಿಲ್ಲ.

ಏರಿಯ ಬುಡದಲ್ಲಿ, ತೂಬಿನ ಕಲ್ಲುಕಂಬಗಳ ನಡುವೆ ಇಳಿದು ಮುಳುಗಿದ. ಕತ್ತಲೆ ನೀರಿನಲ್ಲಿ ಕೈ ತಾನಾಗಿ ಬಿರಡೆಯನ್ನು ಹುಡುಕಿತು. ಅಪ್ಪನ ಹಿಡಿತಕ್ಕೆ ನುಣುಪಾದ ಮತ್ತಿಮರದ ತುಂಡು. ಒಂದು ತಿರುವು, ಒಂದು ಜಗ್ಗು. ತಿರುವಿದ. ಬಿರಡೆ ಕೂದಲೆಳೆಯಷ್ಟು ಮಿಸುಕಿತು, ಬೆರಳ ಸಂದಿಯಲ್ಲಿ ನೀರು ಒಳಕ್ಕೆ ಎಳೆಯಿತು. ಹಳ್ಳ ತೋರಿಸುತ್ತ ಮುಂದೆ ಮುಂದೆ ನಡೆದ ತನ್ನದೇ ಕಾಲುಗಳು ನೆನಪಾದವು. ಅಂಗೈಯಿಂದ ಬಿರಡೆಯನ್ನು ಮತ್ತೆ ಗುದ್ದಿ ಕೂರಿಸಿದ.

ತಲೆ ಎತ್ತಿದಾಗ ಮರಿಗಳ ಗದ್ದಲ ಕಿವಿಗೆ ಬಡಿಯಿತು. ನಾಯಿಗಳು ಎದ್ದು ನಿಂತಿದ್ದವು. ಒಂದು ಆಗಲೇ ಮುಂಗಾಲನ್ನು ನೀರಿಗಿಟ್ಟಿತ್ತು.

"ಕಿತ್ತೇನ್ಲೇ?" ಏರಿಯ ಮೇಲಿಂದ ಜಂಬಣ್ಣ ಕೂಗಿದ.

ಓಬಳೇಶ ತೂಬಿನ ಎರಡು ಕಂಬಗಳ ಮೇಲಿನ ಅಡ್ಡಗಲ್ಲನ್ನು ಹಿಡಿದು ಮೇಲೆ ಹತ್ತಿ ಕುಳಿತ.

"ಇಳೀಲೇ ಹುಚ್ಚಾ! ಗಾಡಿ ಬರ್ತೈತಿ!"

ಜೆಸಿಬಿಯ ತೋಳು ಎದ್ದಿತು. ಹಲ್ಲುಗಳ ನೆರಳು ಅವನ ಒದ್ದೆ ಬೆನ್ನಿನ ಮೇಲೆ ಬಂದು ನಿಂತಿತು.

"ಹಳ್ಳದ ದಾರಿ ಕೇಳಿದ್ರಿ, ತೋರ್ಸಿದೆ. ನನ್ನ ಜನ್ಮಕ್ಕ ಅದೊಂದು ಸಾಕು." ಓಬಳೇಶ ಕಲ್ಲಿಗೆ ಕಾಲು ಸುತ್ತಿಕೊಂಡ. "ಬಿರಡಿ ಕೀಳಲ್ಲ. ಇಳಿಯೋದೂ ಇಲ್ಲ."