ಹಳದಿ ಮೀನಿನ ಕೊನೆಯ ಮರಿಗಳು

ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನಗೆ ಜೊತೆಯೆಂದರೆ ಮಾವ ಮತ್ತು ಅವರ ಮೀನುಗಳು, ಅಷ್ಟೇ. ಗಂಡನಿಗೆ ಪಾಳಿ ಕೆಲಸ. ಮನೆಗೆ ಬಂದರೆ ನಿದ್ದೆ. ಅತ್ತೆ ಬಾಯಿ ತೆರೆದರೆ ನನ್ನದೊಂದು ತಪ್ಪು ಹೊರಬೀಳುತ್ತಿತ್ತು.

ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವರ ಮೇಜು, ಪಕ್ಕದಲ್ಲೇ ಗಾಜಿನ ತೊಟ್ಟಿ. ಅದರಲ್ಲಿ ಕಿರುಬೆರಳುದ್ದದ ಕುಬ್ಜ ಸಿಕ್ಲಿಡ್ ಮೀನುಗಳು. ಅವುಗಳಿಗೆ ಹಿತವೆಂದು ಒಣ ಎಲೆ ಹಾಕಿ ನೀರನ್ನು ಚಹದ ಬಣ್ಣಕ್ಕೆ ತಂದಿದ್ದರು. “ತೊಟ್ಟಿ ತೊಳೀರಿ ಅಂದ್ರೆ ಕಸ ಹಾಕ್ತಾರೆ” ಎಂದು ಅತ್ತೆ ಗೊಣಗುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ವಂಶವನ್ನು ಮಾವ ಬೆಳೆಸಿಕೊಂಡು ಬಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದಾದರೆ ಇವರಿಗೆ ಮೀನು.

ಆ ಚಳಿಗಾಲದ ಹೊತ್ತಿಗೆ ಒಂದೇ ಹೆಣ್ಣು ಉಳಿದಿತ್ತು, ಅದಕ್ಕೂ ವಯಸ್ಸಾಗಿತ್ತು. ಒಡೆದ ಕುಡಿಕೆಯೊಳಗೆ ಮೊಟ್ಟೆಯಿಟ್ಟು, ಮೈಯೆಲ್ಲ ಅರಿಶಿನದ ಬಣ್ಣ ಮಾಡಿಕೊಂಡು, ತನ್ನ ಎರಡರಷ್ಟಿದ್ದ ಗಂಡನನ್ನೇ ಅಟ್ಟಾಡಿಸುತ್ತಿತ್ತು. ಅದರ ಧೈರ್ಯ ಕಂಡು ನನಗೆ ಹೊಟ್ಟೆಕಿಚ್ಚು. ಅದೇ ವಾರ ಮಾವನ ಕಣ್ಣಿನ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ಕಣ್ಣಿಗೆ ಶ್ರಮ ಕೊಡಬಾರದು.

“ಇದೇ ಕೊನೇದು ಮಗಳೇ. ಇದರಲ್ಲಿ ನಾಲ್ಕು ಹೆಣ್ಣುಮರಿ ಆದ್ರೆ ವಂಶ ಉಳಿಯುತ್ತೆ. ನೀನೇ ನೋಡ್ಕೋ” ಎಂದರು.

ನೋಡಿಕೊಂಡೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಬೆಳಗ್ಗೆ ನನ್ನ ಬೆರಳುಗಳೇ ಮರಗಟ್ಟುತ್ತಿದ್ದವು. ಸಾಸಿವೆಯಷ್ಟಿಲ್ಲದ ಮರಿಗಳ ಪಾಡೇನು? ತೊಟ್ಟಿಯ ಹೀಟರಿನ ಗುಂಡಿ ತಿರುಗಿಸಿ ಮುಳ್ಳನ್ನು ಒಂದಿಷ್ಟು ಮುಂದಕ್ಕೆ ಸರಿಸಿದೆ. ಮೂರು ದಿನ ಬಿಟ್ಟು ಇನ್ನೊಂದಿಷ್ಟು. ಯಾರಿಗೂ ಹೇಳಲಿಲ್ಲ.

ಮಾವ ಮಲಗಿದಲ್ಲಿಂದಲೇ ಕೇಳುತ್ತಿದ್ದರು, “ಎಷ್ಟಿವೆ?”

“ಎಣಿಸೋಕೆ ಎಲ್ಲಿ ಬಿಡ್ತವೆ ಮಾವ? ಒಂದು ಕಡೆ ನಿಂತ್ರೆ ತಾನೇ!”

ಆ ಮನೆಯಲ್ಲಿ ನಾನು ನಕ್ಕ ಮೊದಲ ತಿಂಗಳು ಅದು. ಇವತ್ತಿಗೂ ನೆನೆದರೆ ಸುಖವಾಗುತ್ತದೆ.

ಮರಿಗಳು ಬೆಳೆದವು. ಮುದಿ ತಾಯಿ ಸತ್ತಿತು. ನಾಲ್ಕನೇ ತಿಂಗಳಿಗೆ ನೀಲಿ ಮೈ, ಉದ್ದ ರೆಕ್ಕೆ, ಏನು ಚೆಂದ! ಆದರೆ ಒಂದರ ಹಿಂದೊಂದು ಎಲ್ಲವೂ ಗಂಡೇ.

“ಈ ಮದುಮಕ್ಕಳಿಗೆಲ್ಲ ಹೆಣ್ಣು ಎಲ್ಲಿಂದ ತರ್ತೀರಿ?” ಎಂದು ಅತ್ತೆ ಛೇಡಿಸಿದರು. ಮಾವ ನಗಲಿಲ್ಲ.

ನೋಡಲು ಬಂದ ಮೀನಂಗಡಿಯವನು, “ಮೊದಲ ತಿಂಗಳು ನೀರು ಜಾಸ್ತಿ ಬಿಸಿಯಾಗಿರ್ಬೇಕು. ಈ ಜಾತೀಲಿ ಹಾಗಾದ್ರೆ ಗಂಡೇ ಹೆಚ್ಚು. ಹೆಣ್ಣು ಈಗ ಎಲ್ಲೂ ಸಿಗಲ್ಲ” ಎಂದ. ನಾನು ತಿರುಗಿಸಿದ ಗುಂಡಿಯತ್ತಲೇ ನನ್ನ ಕಣ್ಣು ಹೋಯಿತು.

“ಹೀಟರ್ ಹಳೇದು, ಅದರ ಬುದ್ಧಿ ನೆಟ್ಟಗಿಲ್ಲ” ಎಂದರು ಮಾವ.

ಮೀನುಗಳು ಎರಡು ವರ್ಷ ಬದುಕಿ, ಒಂದೊಂದಾಗಿ ಹೋದವು. ಹನ್ನೊಂದು ವರ್ಷದ ವಂಶವನ್ನು ನಾನೇ ಮುಗಿಸಿದ್ದೆ. ಹೇಳಬೇಕೆಂದು ಬಾಯಿಯವರೆಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಇಪ್ಪತ್ತು ವರ್ಷವಾದ ಮೇಲೆ, ಕೈ ನಡುಗುತ್ತದೆಂದು ಮಾವ ಮೇಜು ಖಾಲಿ ಮಾಡಿದ ದಿನ, ಸಾಮಾನು ಕಟ್ಟಿಕೊಡುತ್ತಾ ಹೇಳಿಯೇಬಿಟ್ಟೆ.

“ಗೊತ್ತು” ಎಂದರು. “ತಿಂಗಳು ಕಳೆದು ತೊಟ್ಟಿ ಹತ್ತಿರ ಬಂದ ದಿನವೇ ಹೀಟರ್ ನೋಡಿದೆ. ಗಡಿಯಾರದವನಿಗೆ ಮುಳ್ಳು ಸರಿದದ್ದು ಕಾಣಲ್ವಾ?”

“ಮತ್ತೆ ನನ್ನ ಕೇಳಲೇ ಇಲ್ಲ?”

“ಕೇಳಿದ್ರೆ ನೀನು ಈ ಕೋಣೆಗೆ ಬರೋದನ್ನೇ ಬಿಡ್ತಿದ್ದೆ. ಆಮೇಲೆ ಈ ಮನೇಲಿ ನಂಗ್ಯಾರಿದ್ರು ಮಾತಿಗೆ?”