ಹಿರಿಯರ ಸಲಹೆ

ಬೋರ್ಡು ಬರೆದವನು ನಾನೇ, ತಪ್ಪೂ ನನ್ನದೇ. ‘ಹಿರಿಯರಿಗೆ ಸಲಹೆ’ ಎಂದು ಬರೆಯಬೇಕಿತ್ತು. ಹಲಗೆಯಲ್ಲಿ ಜಾಗ ಸಾಲದೆ ‘ಹಿರಿಯರ ಸಲಹೆ’ ಎಂದು ಎಳೆದುಬಿಟ್ಟೆ. ಔಷಧಿ ಚೀಟಿ, ಅರ್ಜಿ, ಆಸ್ಪತ್ರೆ ಓಡಾಟ ಅಂತ ಕಂಗಾಲಾದ ವಯಸ್ಸಾದವರು ಬಂದು ಕೇಳಲಿ ಎಂದು ನಿವೃತ್ತ ನರ್ಸಮ್ಮ ಪಂಚಾಯಿತಿ ಕಚೇರಿಗೆ ಅಲೆದಲೆದು ಪಡೆದ ಕೋಣೆ ಅದು. ಬಂದವರೆಲ್ಲ ಸಲಹೆ ಕೊಡಲು ಬಂದರು!

“ಏನಪ್ಪಾ, ಸಲಹೆ ಕೇಳೋರು ಯಾರೂ ಕಾಣ್ತಿಲ್ಲ?” ಎಂದು ಟೈಲರ್ ತಾತ ಕುರ್ಚಿ ಎಳೆದು ಕೂತ. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿ ನನ್ನ ಮದುವೆಯ ಬಗ್ಗೆಯೇ ಮೂರು ದಿನ ಕೊರೆದಳು.

ನನಗೆ ಮೈಯೆಲ್ಲ ಉರಿ. ತಿಂಗಳೊಳಗೆ ಸಹಾಯ ಕೇಳಿದವರ ಹೆಸರು ನಾನು ಬರೆಯುವ ಪುಸ್ತಕದಲ್ಲಿ ಕಾಣದಿದ್ದರೆ ಕೋಣೆಗೆ ಬೀಗ ಎಂದಿದ್ದರು ಕಚೇರಿಯವರು. ಬರುವ ಈ ಹಿರಿಯರಿಗೇನು ತೊಂದರೆ ಇಲ್ಲವೇ? ರಾಶಿ ಇದೆ. ಕೇಳಿ ಅಂದರೆ ಮಾತ್ರ ಬಿಂಕ.

“ಬೋರ್ಡು ಅಳಿಸಿ ಬರೀತೀನಿ ನರ್ಸಮ್ಮ.”

“ಬೇಡ್ವೋ ಸಿಡುಕಪ್ಪ. ಅದು ಸರಿಯಾದ್ರೆ ಇವರೂ ಬರೋದಿಲ್ಲ.”

ತಾತನ ಕಾಲಿನ ಊತ ನರ್ಸಮ್ಮನ ಕಣ್ಣಿಗೆ ಬಿದ್ದಿತ್ತು; ಆಸ್ಪತ್ರೆಯ ಬೆರಳಚ್ಚು ಮಿಷನ್ನಿನ ಮುಂದಿಂದ ಅವನು ಬರಿಗೈಲಿ ಮರಳಿದ್ದೂ. “ಯಜಮಾನ್ರೇ, ನೀವೇ ಹೇಳಿ. ಒಬ್ಬರಿಗೆ ಬೆರಳ ಗೆರೆ ಸವೆದು ಮಿಷನ್ನು ಗುರುತು ಹಿಡೀತಿಲ್ಲ, ಔಷಧಿ ಕೊಡ್ತಿಲ್ಲ. ಏನು ಮಾಡ್ಲಿ ಅವರು?”

ತಾತ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. “ತೆಪ್ಪಗಿರೋಕೆ ಹೇಳಿ. ಮಗ ಸೊಸೆಗೆ ಯಾಕೆ ತಲೆನೋವು?”

ಅಷ್ಟರಲ್ಲಿ ತಿಂಗಳು ಮುಗಿಯಿತೆಂದು ಕಚೇರಿಯ ಸಾಹೇಬ ಬಂದ. ಪುಸ್ತಕ ತಿರುವಿದ. “ಸಲಹೆ ಕೊಟ್ಟವರು ನಲವತ್ತು, ಕೇಳಿದವರು ಸೊನ್ನೆ. ಇದೇನು ಹರಟೆಕಟ್ಟೆನಾ? ಬೀಗದಕೈ ಕೊಡಿ.”

ನನ್ನ ಕೈ ಅವನ ಕಾಲರಿಗೆ ಹೋಗುವುದರಲ್ಲಿತ್ತು. ನರ್ಸಮ್ಮ ನನ್ನ ಅಂಗಿ ಹಿಡಿದೆಳೆದರು.

ತಾತ ಎದ್ದು ನಿಂತ. “ಬರ್ಕೊಳ್ಳಿ ಸ್ವಾಮಿ. ಆ ಒಬ್ಬ ನಾನೇ. ಬಿಪಿ ಮಾತ್ರೆ ನುಂಗಿ ಎರಡು ತಿಂಗಳಾಯ್ತು. ಐವತ್ತು ವರ್ಷ ಸೂಜಿ ಹಿಡಿದ ಬೆರಳು; ನಾನು ನಾನೇ ಅಲ್ಲ ಅನ್ನುತ್ತೆ ಆ ದರಿದ್ರ ಮಿಷನ್ನು.” ಮುಷ್ಟಿ ಬಿಚ್ಚಿ ಹೆಬ್ಬೆರಳು ತೋರಿಸಿದ. “ಸೊಸೆಗೆ ಮಾತ್ರ ಹೇಳ್ಬೇಡಿ.”

“ಒಬ್ಬರೇ...” ಎಂದ ಸಾಹೇಬ, ಬೀಗದಕೈಗೆ ಚಾಚಿದ ಕೈ ಮಡಚದೆ.

“ಒಬ್ಬರು ಯಾಕೆ?” ಅಜ್ಜಿ ಮುಂದೆ ಬಂದಳು. “ಆಸ್ಪತ್ರೇಲಿ ನನ್ನ ನಂಬರ್ ಕೂಗೋದೇ ಕೇಳ್ಸಲ್ಲ, ಎರಡು ಸಲ ಹಾಗೇ ವಾಪಸ್ ಬಂದೆ. ನನ್ನ ಹೆಸರೂ ಬರಿಯೋ. ಆದ್ರೆ ಇವನ ಕೆಳಗೆ ಬೇಡ, ಬೇರೆ ಹಾಳೇಲಿ.”

ಸಾಹೇಬ ಕೈ ಹಿಂದಕ್ಕೆಳೆದುಕೊಂಡ. ನಾನು ಹಾಳೆ ತಿರುವಿದೆ.